ತಿಪ್ಪೆಯಲ್ಲಿ ಹುಟ್ಟಿದ ಹಸಿರು

ಮುದ್ದೇನಹಳ್ಳಿಗೆ ಹೋಗುವವರ ದಾರಿ ಮೊದಲೇ ನಿಗದಿಯಾಗಿರುತ್ತದೆ. ವಿಶ್ವೇಶ್ವರಯ್ಯನವರ ಸಮಾಧಿಗೆ ಕೈಮುಗಿಯಬೇಕು, ಅವರು ಹುಟ್ಟಿದ ಮನೆಯ ಮ್ಯೂಸಿಯಂ ನೋಡಬೇಕು, ಹೊತ್ತಿದ್ದರೆ ನಂದಿಬೆಟ್ಟ, ಇಳಿದು ಬರುವಾಗ ನಂದಿ ಗ್ರಾಮದ ಭೋಗನಂದೀಶ್ವರ. ಸೆಪ್ಟೆಂಬರ್ 15ರ ಇಂಜಿನಿಯರುಗಳ ದಿನ ಬಂತೆಂದರೆ ಊರಿನ ತುಂಬ ಕಾರು, ಬ್ಯಾನರು, ಹಾರ, ಭಾಷಣ. ನಾನು ಹೋದದ್ದು ಆ ಗದ್ದಲವೆಲ್ಲ ಮುಗಿದ ಮೇಲೆ, ಒಂದು ದುಂಬಿಯನ್ನು ಹುಡುಕಿಕೊಂಡು. ಚಿಕ್ಕಬಳ್ಳಾಪುರದಲ್ಲಿ ಬಸ್ಸಿಳಿದಾಗ ಆಟೋದವನು "ಮ್ಯೂಸಿಯಮ್ಮಾ ಸಾರ್, ಆಶ್ರಮಾನಾ?" ಎಂದು ಕೇಳಿದ. ಮೂರನೆಯದೊಂದು ಅವನ ಲೆಕ್ಕದಲ್ಲಿ ಇರಲಿಲ್ಲ. ಮ್ಯೂಸಿಯಂ ಅಂದೆ.

ಈ ದುಂಬಿಗೂ ಸೆಪ್ಟೆಂಬರೇ ಬೇಕು. ಮಳೆಗಾಲ ಅರ್ಧ ದಾಟಿ, ಜೋಳ ಸಜ್ಜೆಗಳಲ್ಲಿ ಹೂ ಬಂದು, ಬೆಳಿಗ್ಗೆ ಹತ್ತರ ಹೊತ್ತಿಗೆ ಬಿಸಿಲು ಚುರುಕಾಗುವ ದಿನಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಕಿಲೊಲೊಬಾ ಅಕ್ಯುಟಾ ಎಂಬ ಹೆಸರನ್ನು ಜರ್ಮನಿಯ ವೀಡೆಮಾನ್ 1823ರಲ್ಲೇ ಕೊಟ್ಟಿದ್ದಾನೆ. ಸೆಟೋನಿನೇ ಅನ್ನುವ ಹೂದುಂಬಿಗಳ ದೊಡ್ಡ ವಂಶಕ್ಕೆ ಸೇರಿದ್ದು. ಪ್ರಪಂಚದಲ್ಲಿ ಈ ವಂಶದ ಸುಮಾರು 4000 ಜಾತಿಗಳಿವೆ, ಬಹುಪಾಲು ಉಷ್ಣವಲಯದವು. ಆಫ್ರಿಕಾದ ಕಾಡುಗಳಲ್ಲಿ ಅಂಗೈ ತುಂಬುವ ಗೋಲಿಯಾತ್ ದುಂಬಿ ಇವುಗಳ ದೊಡ್ಡಣ್ಣ. ನಮ್ಮ ಕಡೆಯವು ಎರಡು ಸೆಂಟಿಮೀಟರಿನ ಆಸುಪಾಸಿನವು, ಆದರೆ ಬಣ್ಣದಲ್ಲಿ ಯಾರಿಗೂ ಕಡಿಮೆಯಿಲ್ಲ.

ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ಆಟೋ ನಿಲ್ಲಿಸಿ ಇಳಿದೆ. ಒಂದು ಕಡೆ ದ್ರಾಕ್ಷಿ ಚಪ್ಪರ, ಇನ್ನೊಂದು ಕಡೆ ಮುಸುಕಿನ ಜೋಳ, ಅದರಾಚೆ ರಾಗಿ, ನಡುನಡುವೆ ಲೇಔಟಿನ ಕಲ್ಲು ನೆಟ್ಟು ಬೇಲಿ ಹಾಕಿದ ಖಾಲಿ ಜಾಗ. ಹಿಂದುಗಡೆ ನಂದಿ ಮೋಡ ಹೊದ್ದು ಮಲಗಿತ್ತು. ಕೆಂಪು ಮಣ್ಣಿನ ಈ ಸೀಮೆಯಲ್ಲಿ ನದಿ ಹರಿಯುವುದಿಲ್ಲ, ಹುಟ್ಟುತ್ತದೆ ಅಷ್ಟೆ. ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ ಎಲ್ಲವೂ ಈ ಬೆಟ್ಟಗಳ ಸುತ್ತಮುತ್ತ ಹುಟ್ಟಿ ಬೇರೆಯವರ ಊರಿಗೆ ಹೋಗುತ್ತವೆ. ಇಲ್ಲಿಯವರಿಗೆ ಉಳಿದದ್ದು ಕೆರೆ, ಈಗೀಗ ಸಾವಿರ ಅಡಿ ದಾಟಿದರೂ ನೀರು ಸಿಕ್ಕೀತೆಂದು ಹೇಳಲಾಗದ ಬೋರ್‌ವೆಲ್ಲು. ಆ ನೀರಿನಲ್ಲೇ ಹೂ ಬೆಳೆಯುತ್ತಾರೆ, ದ್ರಾಕ್ಷಿ ಬೆಳೆಯುತ್ತಾರೆ, ರೇಷ್ಮೆ ಸಾಕುತ್ತಾರೆ. ಬೆಂಗಳೂರಿನ ದೇವರ ಪಟಗಳ ಮೇಲಿನ ಹೂವಿನಲ್ಲಿ ಈ ಕಡೆಯ ಪಾಲು ಸಣ್ಣದಲ್ಲ.

ಜೋಳದ ಬದುವಿನಲ್ಲಿ ನಿಂತು ತಲೆಯೆತ್ತಿದರೆ ಸಾಕಿತ್ತು. ಗಿಡದ ತುದಿಯ ಗಂಡುಹೂವಿನ ಗೊಂಚಲಿನಲ್ಲಿ ಅದು ತಲೆ ಹುದುಗಿಸಿಕೊಂಡು, ಹಿಂಭಾಗ ಎತ್ತಿಕೊಂಡು ಕೂತಿತ್ತು. ಪಕ್ಕದ ಗಿಡದಲ್ಲಿ ಇನ್ನೊಂದು, ಅದರಾಚೆ ಜೋಡಿ. ಗೊಂಚಲನ್ನು ಬಗ್ಗಿಸಿ ಹಿಡಿದು ನೋಡಿದೆ. ಎಲೆಯ ಹಸಿರಲ್ಲ ಅದು, ಲೋಹದ ಹಸಿರು. ಸ್ವಲ್ಪ ವಾಲಿಸಿದರೆ ಅಂಚಿನಲ್ಲಿ ತಾಮ್ರ ಮಿನುಗುತ್ತದೆ. ಮೈಮೇಲೆಲ್ಲ ಹಳದಿ ಮಿಶ್ರಿತ ಕಂದು ರೋಮ, ರೋಮದ ತುಂಬ ಜೋಳದ ಪರಾಗ. ಅದರ ದವಡೆಯನ್ನು ಭೂತಗನ್ನಡಿಯಲ್ಲಿ ನೋಡಿದವರಿಗೆ ಒಂದು ವಿಷಯ ಗೊತ್ತಾಗುತ್ತದೆ: ಹೂದುಂಬಿಗಳ ದವಡೆ ಕತ್ತರಿಸುವ ದವಡೆಯಲ್ಲ. ಬೇರೆ ದುಂಬಿಗಳಿಗೆ ಇರುವಂಥ ಗಟ್ಟಿ ಹಲ್ಲು ಇವಕ್ಕೆ ಇಲ್ಲ. ಇರುವುದು ಕೂದಲಿನ ಕುಚ್ಚು, ಪರಾಗವನ್ನು ಗುಡಿಸಿ ಬಾಯಿಗೆ ಹಾಕಿಕೊಳ್ಳಲು, ಮಕರಂದವನ್ನೋ ಕೊಳೆತ ಹಣ್ಣಿನ ರಸವನ್ನೋ ಹೀರಲು.

ಕೈ ಹತ್ತಿರ ಹೋದೊಡನೆ ಅದು ಹಾರಿತು. ಆ ಹಾರಾಟ ನೋಡಲಿಕ್ಕೇ ಬರಬೇಕು. ಬೇರೆ ದುಂಬಿಗಳು ಹಾರುವ ಮುಂಚೆ ಮೇಲಿನ ಗಟ್ಟಿ ರೆಕ್ಕೆಗಳೆರಡನ್ನೂ ಅಗಲಿಸಿ, ಒಳಗಿನ ತೆಳು ರೆಕ್ಕೆ ಬಿಚ್ಚಿ, ಒಂದಿಷ್ಟು ಸಿದ್ಧತೆ ಮಾಡಿಕೊಂಡು ಮೇಲೇಳುತ್ತವೆ, ಎದ್ದ ಮೇಲೂ ಅಡ್ಡಾದಿಡ್ಡಿ. ಹೂದುಂಬಿಗೆ ಆ ರಗಳೆಯಿಲ್ಲ. ಮೇಲಿನ ಕವಚ ಮುಚ್ಚಿದ್ದಂತೆಯೇ ಇರುತ್ತದೆ. ಕವಚದ ಪಕ್ಕದಲ್ಲಿ ಸೊಂಟದ ಹತ್ತಿರ ಒಂದು ಕಚ್ಚು ಇದೆ, ಅಲ್ಲಿಂದ ಒಳರೆಕ್ಕೆ ಸರಕ್ಕನೆ ಹೊರಬರುತ್ತದೆ. ಹಾಗಾಗಿ ಹಾರುವಾಗಲೂ ಅದರ ಹಸಿರು ಬೆನ್ನು ಬಿಸಿಲಿಗೆ ಹೊಳೆಯುತ್ತಲೇ ಇರುತ್ತದೆ, ಗುಂಯ್ ಎನ್ನುವ ಶಬ್ದ ಮಾಡುತ್ತ ನೇರ ಗೆರೆಯಲ್ಲಿ ಹೋಗುತ್ತದೆ.

ಬಯಲುಸೀಮೆಯಲ್ಲಿ ಬೆಳೆದವರು ಇದನ್ನು ಓದುತ್ತ "ಓ, ಜೀರ್ಜಿಂಬೆ!" ಎಂದುಕೊಂಡಿರಬಹುದು. ಅಲ್ಲ. ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪಿನ ಜೊತೆ ಸಾಕಿ, ಮೊಟ್ಟೆ ಇಟ್ಟಿತೇ ಎಂದು ಪಾಠದ ನಡುವೆ ಮುಚ್ಚಳ ತೆರೆದು ನೋಡುತ್ತಿದ್ದ ಜೀರ್ಜಿಂಬೆ ಬೇರೆಯದೇ ಕುಟುಂಬದ್ದು, ಉದ್ದ ಮೈಯಿನ ಸ್ಟರ್ನೊಸೆರಾ. ಅದು ಸೊಪ್ಪು ತಿನ್ನುತ್ತದೆ, ಇದು ಪರಾಗ ತಿನ್ನುತ್ತದೆ. ಚರಿತ್ರೆಯಲ್ಲಿ ಹೆಸರು ಮಾಡಿದ್ದೂ ಅದೇ. ಪಹಾಡಿ ಶೈಲಿಯ ಬಸೋಲಿ ಚಿತ್ರಕಾರರು ಅದರ ರೆಕ್ಕೆಯ ಚೂರುಗಳನ್ನು ಪಚ್ಚೆಯ ಬದಲು ಅಂಟಿಸಿದರು. 1903ರ ದೆಹಲಿ ದರ್ಬಾರಿನಲ್ಲಿ ವೈಸರಾಯರ ಮಡದಿ ಲೇಡಿ ಕರ್ಜನ್ ಉಟ್ಟ ನವಿಲುಗರಿಯ ಗೌನಿನಲ್ಲಿ ಪ್ರತಿ ಕಣ್ಣಿನ ನಡುವೆ ಅಂಥದೊಂದು ರೆಕ್ಕೆ ಹೊಲಿದಿತ್ತು. ನಮ್ಮ ಹೂದುಂಬಿಯನ್ನು ಯಾವ ಮೇಮ್‌ಸಾಹೇಬರೂ ಉಡಲಿಲ್ಲ. ಅದಕ್ಕೆ ಸಿಕ್ಕ ಗೌರವ 1910ರಲ್ಲಿ ಗಿಲ್ಬರ್ಟ್ ಆರೋ ಬರೆದ ಬ್ರಿಟಿಷ್ ಇಂಡಿಯಾದ ಜೀವಿಸಂಕುಲ ಮಾಲೆಯ ಸಂಪುಟವೊಂದೇ. ಒಣ ವರ್ಣನೆಗಳ ಪುಸ್ತಕ. ಇಂದಿಗೂ ಅದನ್ನು ಬಿಟ್ಟು ಈ ದುಂಬಿಗಳ ಹೆಸರು ಹಚ್ಚುವುದು ಕಷ್ಟ.

ಹೊಲದ ಯಜಮಾನಿ ನನ್ನನ್ನು ಆಗಲೇ ಗಮನಿಸಿದ್ದರು. ಜೋಳ ಕದಿಯುವವನಂತೆ ಕಾಣಲಿಲ್ಲವಾದ್ದರಿಂದ ಸೈಟ್ ನೋಡಲು ಬಂದವನಿರಬೇಕು ಎಂದುಕೊಂಡರಂತೆ. "ಈ ಕಡೆ ಮಾರೋಕಿಲ್ಲ ಸಾರ್," ಅಂದರು ಮೊದಲ ಮಾತಿಗೇ. ದುಂಬಿ ತೋರಿಸಿದೆ. ನಕ್ಕರು.

"ಅದಾ? ಜೋಳಕ್ಕೇನ್ ಮಾಡಲ್ಲ, ಬಿಡಿ. ರೋಜಿಗ್ ಬಂದ್ರೆ ಮಾತ್ರ ಬಿಡಲ್ಲ ನಾವು."

ಅವರ ಗುಲಾಬಿ ಸಾಲು ಮನೆಯ ಹಿಂದುಗಡೆ. ಬಟನ್ ರೋಜು, ಬಿಡಿಹೂವಿಗೆ ಬೆಳೆಯುವುದು, ಬೆಳಗಿನ ಜಾವವೇ ಬಿಡಿಸಿ ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೆ ಹೋಗಿಬಿಟ್ಟಿರುತ್ತದೆ. ಉಳಿದ ಹೂಗಳಲ್ಲಿ ಹಸಿರು ದುಂಬಿ ಇರಲಿಲ್ಲ, ಅದರ ದಾಯಾದಿ ಇತ್ತು. ಇಟ್ಟಿಗೆ ಕೆಂಪಿನ ಮೈ, ಅದರ ಮೇಲೆ ಕಪ್ಪು ಪಟ್ಟೆ, ಅಲ್ಲಲ್ಲಿ ಸುಣ್ಣದ ಬಿಳಿ ಚುಕ್ಕೆ. ಆಕ್ಸಿಸಿಟೋನಿಯಾ ವರ್ಸಿಕಲರ್. ಗುಲಾಬಿಯ ಎಸಳುಗಳ ನಡುವೆ ತಲೆಕೆಳಗಾಗಿ ಹೊಕ್ಕು, ಕೇಸರಗಳನ್ನೆಲ್ಲ ಕಲಸಿ, ಎಸಳಿನ ಅಂಚು ಹರಿದು ಹಾಕಿತ್ತು. ದವಡೆ ಮೆತ್ತಗಿದ್ದರೇನು, ಗುಲಾಬಿಯ ಎಸಳು ಅದಕ್ಕಿಂತ ಮೆತ್ತಗಲ್ಲವೇ. ಹರಿದ ಎಸಳಿನ ಹೂವಿಗೆ ಮಾರ್ಕೆಟ್ಟಿನಲ್ಲಿ ರೇಟಿಲ್ಲ. ವಾರಕ್ಕೊಮ್ಮೆ ಔಷಧಿ ಹೊಡೆಯುತ್ತಾರೆ, ನುಸಿಗೆ, ಥ್ರಿಪ್ಸಿಗೆ. ಅದರಲ್ಲೇ ಇದೂ ಹೋಗುತ್ತದೆ. ಬೇರೆ ಖರ್ಚಿಲ್ಲ.

ಇಲ್ಲಿಯವರೆಗೆ ಕಂಡದ್ದು ದುಂಬಿಯ ಬದುಕಿನ ಕಾಲುಭಾಗವೂ ಅಲ್ಲ. ಹೂವಿನ ಮೇಲೆ ಅದು ಕಳೆಯುವುದು ಒಂದೆರಡು ತಿಂಗಳು. ಬಹುತೇಕ ಜಾತಿಗಳಿಗೆ ವರ್ಷಕ್ಕೊಂದೇ ಪೀಳಿಗೆ, ಆ ವರ್ಷದ ಉಳಿದದ್ದೆಲ್ಲ ಕತ್ತಲಲ್ಲಿ: ಗೊಬ್ಬರದ ಗುಂಡಿಯಲ್ಲಿ, ಕೊಳೆತ ಎಲೆಯ ರಾಶಿಯಲ್ಲಿ, ಟೊಳ್ಳು ಮರದ ಒಳಗಿನ ಪುಡಿಯಲ್ಲಿ. ಹಾಗಾಗಿ "ಅಮ್ಮಾ, ತಿಪ್ಪೆ ಎಲ್ಲಿದೆ?" ಎಂದು ಕೇಳಿದೆ. ಇಷ್ಟು ಹೊತ್ತು ಸಹಿಸಿಕೊಂಡಿದ್ದ ಅವರಿಗೆ ಈಗ ನನ್ನ ತಲೆಯ ಬಗ್ಗೆ ಅನುಮಾನ ಬಂದಿರಬೇಕು. ಆದರೂ ಒಂದು ಗುದ್ದಲಿ ಕೊಟ್ಟು ತೋರಿಸಿದರು.

ಡೇರಿಗೆ ಹಾಲು ಹಾಕುವ ಮನೆ, ಕೊಟ್ಟಿಗೆಯಲ್ಲಿ ಸೀಮೆಹಸುಗಳು. ಆದ್ದರಿಂದಲೇ ತಿಪ್ಪೆ ಉಳಿದಿದೆ. ಹಸು ಮಾರಿದವರ ಹಿತ್ತಿಲಲ್ಲಿ ತಿಪ್ಪೆ ಹೋಗಿ ಕೋಳಿ ಗೊಬ್ಬರದ ಲಾರಿ ಬಂದು ನಿಲ್ಲುತ್ತದೆ, ಹೂವಿಗೂ ದ್ರಾಕ್ಷಿಗೂ ಈ ಸೀಮೆಯಲ್ಲಿ ಅದೇ ಬಳಕೆ. ಮೇಲಿನ ಹಸಿ ಸಗಣಿಯನ್ನು ಸರಿಸಿ, ಕಳೆದ ವರ್ಷದ ಹಳೆಯ ಪದರಕ್ಕೆ ಹೋಗುವಷ್ಟರಲ್ಲಿ ಗೊಣ್ಣೆಹುಳುಗಳು ಉರುಳಿದವು. ಬೆಳ್ಳಗೆ, ದಪ್ಪಗೆ, ಸುರುಳಿ ಸುತ್ತಿಕೊಂಡು.

"ಅಯ್ಯೋ, ಬೇರು ತಿನ್ನೋವು ಸಾರ್ ಅವು! ಕಡ್ಲೇಕಾಯಿ ಎಲ್ಲಾ ಒಣಗಿಸಿಬಿಟ್ಟಿದ್ವು ಒಂದ್ಸಲ," ಅಂದರು ಅಮ್ಮ.

ಅವರ ಭಯ ಸುಳ್ಳಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ನೆಲದಿಂದ ಎದ್ದು ಬೇವು, ಜಾಲಿಗಳನ್ನು ಮುತ್ತುವ ಕಂದು ದುಂಬಿಯ ಮರಿ, ಹೊಲೊಟ್ರೈಕಿಯಾ, ಕಡಲೆಕಾಯಿಯ ಬೇರನ್ನು ತಿಂದು ಹೊಲ ಹೊಲವನ್ನೇ ಮುಗಿಸಬಲ್ಲದು. ಅದೂ ಹೀಗೇ ಬೆಳ್ಳಗೆ, ಹೀಗೇ ಸುರುಳಿ. ಆದರೆ ಎರಡನ್ನೂ ಬೇರ್ಪಡಿಸಲು ಸೂಕ್ಷ್ಮದರ್ಶಕ ಬೇಡ, ಒಂದು ಚಪ್ಪಟೆ ಕಲ್ಲು ಸಾಕು. ಮನೆಯ ಮುಂದಿನ ಚಪ್ಪಡಿಯ ಮೇಲೆ ಒಂದನ್ನು ಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಮೈ ಬಿಚ್ಚಿ, ಮಗುಚಿ, ಕಾಲುಗಳನ್ನು ಆಕಾಶಕ್ಕೆ ತೋರಿಸುತ್ತ ಬೆನ್ನಿನ ಮೇಲೆ ನಡೆಯಲು ಶುರುಮಾಡಿತು! ನಡೆಯುವುದೆಂದರೆ ತೆವಳುವುದು, ಬೆನ್ನಿನ ಮಡಿಕೆಗಳನ್ನೂ ಅಲ್ಲಿನ ಗಿಡ್ಡ ರೋಮಗಳನ್ನೂ ಊರಿಕೊಂಡು, ಅಲೆಅಲೆಯಾಗಿ. ಕಾಲಿದೆ, ಆರೂ ಇವೆ, ಗಾಳಿಯಲ್ಲಿ ಆಡುತ್ತಿವೆ, ಕೆಲಸಕ್ಕಿಲ್ಲ. ಸರಿಯಾಗಿ ತಿರುಗಿಸಿಟ್ಟರೆ ಮತ್ತೆ ಮಗುಚಿಕೊಳ್ಳುತ್ತದೆ. ಬೇರುಹುಳು ಹೀಗೆ ಮಾಡುವುದಿಲ್ಲ. ಬೆನ್ನ ಮೇಲೆ ನಡೆದರೆ ಹೂದುಂಬಿಯ ಮರಿ, ಅದು ಕೊಳೆತದ್ದನ್ನು ತಿಂದು ಗೊಬ್ಬರ ಮಾಡುತ್ತದೆಯೇ ಹೊರತು ಜೀವಂತ ಬೇರಿಗೆ ಬಾಯಿ ಹಾಕುವ ಜಾತಿಯಲ್ಲ.

ಫ್ರಾನ್ಸಿನ ಸೆರಿನ್ಯಾನ್ ಎಂಬ ಹಳ್ಳಿಯಲ್ಲಿ ಬದುಕಿನ ಕೊನೆಯ ದಶಕಗಳನ್ನೆಲ್ಲ ಹುಳುಗಳನ್ನು ನೋಡುತ್ತ ಕಳೆದ ಫಾಬ್ರ್ ತನ್ನ ತೋಟದ ಎಲೆಗೊಬ್ಬರದ ರಾಶಿಯಲ್ಲಿ ಇದೇ ನಡಿಗೆಯನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಅವನು ನೋಡಿದ್ದು ಯೂರೋಪಿನ ಹಸಿರು ದುಂಬಿಯ ಬಳಗವನ್ನು. ಅದರ ಮರಿ ಎಷ್ಟು ತಿನ್ನುತ್ತದೆ, ಎಷ್ಟು ಹಿಕ್ಕೆ ಹಾಕುತ್ತದೆ ಎಂಬುದು ಅವನಿಗೆ ತಮಾಷೆಯ ವಿಷಯವಾಗಿತ್ತು. ರೈತನಿಗೆ ಅದು ಕಾಸಿನ ವಿಷಯ ಎನ್ನುವುದು ನನ್ನ ಅಂಬೋಣ. ಎರೆಹುಳುವಿಗೆ ಇಲ್ಲಿ ತೊಟ್ಟಿ ಕಟ್ಟಿಸಿದ್ದೇವೆ, ಸಬ್ಸಿಡಿ ಕೊಟ್ಟಿದ್ದೇವೆ. ಅದೇ ಕೆಲಸವನ್ನು ಹೇಳದೆ ಕೇಳದೆ ಮಾಡುವ ಗೊಣ್ಣೆಹುಳುವನ್ನು ಕಂಡಲ್ಲಿ ಹಿಸುಕುತ್ತೇವೆ, ಇಲ್ಲವೆ ಕಾಗೆಗೆ ಎಸೆಯುತ್ತೇವೆ. ಅಮ್ಮನ ಮನೆಯ ಕೋಳಿಗಳೂ ಅಷ್ಟರಲ್ಲಿ ಓಡಿಬಂದಿದ್ದವು. ಚಪ್ಪಡಿಯ ಮೇಲಿನ ಹುಳುವನ್ನು ಕಾಪಾಡುವುದು ಕಷ್ಟವಾಯಿತು.

ಗುದ್ದಲಿಯ ಮಣ್ಣಿನಲ್ಲಿ ಇನ್ನೊಂದು ಸಿಕ್ಕಿತು: ಒಡೆದ ಗೂಡು. ಮರಿ ಬಲಿತ ಮೇಲೆ ಮಣ್ಣು, ನಾರು, ತನ್ನದೇ ಹಿಕ್ಕೆಯನ್ನು ಸೇರಿಸಿ ಸುತ್ತಲೂ ಗೋಡೆ ಕಟ್ಟಿಕೊಂಡು ಒಳಗೆ ಕೋಶವಾಗುತ್ತದೆ. ಹೊರಗಿನಿಂದ ಒರಟು, ಒಳಗೆ ಗಾರೆ ಹಚ್ಚಿದಂತೆ ನುಣುಪು. ಮಳೆ ಬಿದ್ದು ನೆಲ ನೆನೆದಾಗ ಅದನ್ನು ಒಡೆದು ಹೊರಬರುವುದು ಹಸಿರು ದುಂಬಿ. ಯುಗಾದಿ ಕಳೆದ ಮೇಲೆ ತಿಪ್ಪೆಯನ್ನು ಹೊಲಕ್ಕೆ ಹೊಡೆಯುತ್ತಾರಲ್ಲ, ಎಷ್ಟೋ ಗೂಡುಗಳು ಗೊಬ್ಬರದ ಜೊತೆಗೇ ಟ್ರಾಕ್ಟರ್ ಹತ್ತಿ ಹೊಲ ಸೇರುತ್ತವೆ. ಜೋಳದ ಬುಡದಲ್ಲಿ ಹುಟ್ಟಿ ಜೋಳದ ತುದಿಗೆ ಹೋಗುವುದಕ್ಕೆ ರೈತರೇ ಗಾಡಿ ಕಟ್ಟಿಕೊಟ್ಟ ಹಾಗಾಯಿತು.

ಮ್ಯೂಸಿಯಂ ಮುಚ್ಚುವ ಮೊದಲು ಒಮ್ಮೆ ಹೋಗಿ ಬಂದೆ. ಆಟೋದವನಿಗೆ ಹೇಳಿದ ಮಾತು ಉಳಿಯಬೇಕಲ್ಲ. ವಿಶ್ವೇಶ್ವರಯ್ಯನವರ ಪದಕಗಳು, ಬಿರುದುಪತ್ರಗಳು, ಪೆನ್ನು, ಕನ್ನಡಕ, ನಿಘಂಟು. ಎಲ್ಲವೂ ಅವರ ಹಾಗೆಯೇ ಒಪ್ಪವಾಗಿವೆ. ನನಗೆ ಅಲ್ಲಿ ನೆನಪಾದದ್ದು ಅವರು ದಿವಾನರಾದ ಮೇಲೆ 1913ರಲ್ಲಿ ಹೆಬ್ಬಾಳದಲ್ಲಿ ಶುರುವಾದ ಕೃಷಿ ಶಾಲೆ. ಕೆನಡಾದಿಂದ 1908ರಲ್ಲಿ ಮೈಸೂರಿಗೆ ಬಂದಿದ್ದ ಲೆಸ್ಲಿ ಕೋಲ್ಮನ್ ಆ ಹೊತ್ತಿಗೆ ಅಡಿಕೆಯ ಕೊಳೆರೋಗದ ಮೂಲ ಹುಡುಕಿ ಹೆಸರಾಗಿದ್ದರು. ಬೆಳೆ ಯಾವುದು, ಅದಕ್ಕೆ ಬರುವ ಹುಳು ಯಾವುದು, ರೋಗ ಯಾವುದು, ಅದಕ್ಕೆ ಮದ್ದೇನು ಎಂದು ನಮ್ಮ ನಾಡಿನಲ್ಲಿ ಶಿಸ್ತಾಗಿ ಬರೆದಿಡುವ ಪದ್ಧತಿ ಬೇರೂರಿದ್ದು ಅವರಂಥವರಿಂದ. ಆ ಶಿಸ್ತಿಲ್ಲದಿದ್ದರೆ ಮಲೆನಾಡಿನ ಅಡಿಕೆ ಉಳಿಯುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಬೆಳೆಯ ಕೆಳಗೆ ಹುಳುವನ್ನು ಬರೆಯುವ ಪಟ್ಟಿಯಲ್ಲಿ ನಮ್ಮ ದುಂಬಿಗೆ ಸಿಗುವ ಜಾಗ ಜೋಳ, ಸಜ್ಜೆ, ಗುಲಾಬಿಗಳ ಕೆಳಗೆ, "ಸಣ್ಣಪುಟ್ಟ ಪೀಡೆ" ಎಂಬ ತಲೆಬರಹದಲ್ಲಿ. ಸಜ್ಜೆಗೋ ಬಿಳಿಜೋಳಕ್ಕೋ ಹಿಂಡುಹಿಂಡಾಗಿ ಬಂದು ಪರಾಗ ತಿಂದರೆ ಕಾಳು ಕಟ್ಟುವುದು ಕಡಿಮೆಯಾಗುತ್ತದೆ ಎಂಬ ದೂರು ನಿಜವೇ. ಅದರ ಇನ್ನೊಂದು ಕೆಲಸವನ್ನು ಬರೆಯಲು ಪಟ್ಟಿಯಲ್ಲಿ ಜಾಗವೇ ಇಲ್ಲ. ತಿಪ್ಪೆ ಬೆಳೆಯಲ್ಲವಲ್ಲ.

ಕನ್ನಡಕದ ಮುಂದೆ ನಿಂತಾಗ ಇನ್ನೊಬ್ಬರೂ ನೆನಪಾದರು. 1954ರಲ್ಲಿ ಸಿ.ವಿ. ರಾಮನ್ ಅವರಿಗೆ ಭಾರತರತ್ನ, ಮರುವರ್ಷ ವಿಶ್ವೇಶ್ವರಯ್ಯನವರಿಗೆ. ಬೆಂಗಳೂರಿನ ತಮ್ಮ ಸಂಸ್ಥೆಯಲ್ಲಿ ರಾಮನ್ ಹರಳು, ಚಿಪ್ಪು, ಚಿಟ್ಟೆ, ದುಂಬಿಗಳನ್ನು ಕೂಡಿಟ್ಟಿದ್ದರು. ಬಣ್ಣ ಎಲ್ಲಿಂದ ಬರುತ್ತದೆ ಎಂಬುದು ಅವರನ್ನು ಕೊನೆಯವರೆಗೂ ಬಿಡದ ಪ್ರಶ್ನೆ. ಈ ದುಂಬಿಗಳ ಹಸಿರಿನಲ್ಲಿ ಹಸಿರು ಎಂಬ ಬಣ್ಣದ ಪುಡಿಯೇ ಇಲ್ಲ. ಕವಚದ ಕೈಟಿನ್ ಎಳೆಗಳು ಪದರ ಪದರವಾಗಿ, ಪ್ರತಿ ಪದರವೂ ಕೆಳಗಿನದಕ್ಕಿಂತ ಒಂದಿಷ್ಟು ತಿರುಗಿ, ಸುರುಳಿ ಮೆಟ್ಟಿಲಿನ ಹಾಗೆ ಏರುತ್ತವೆ. ಆ ಸುರುಳಿಯ ಅಳತೆಗೆ ಹೊಂದುವ ಬೆಳಕಷ್ಟೇ ವಾಪಸ್ ಬರುತ್ತದೆ, ಅದೂ ಎಡಕ್ಕೆ ತಿರುಚಿಕೊಂಡು. ಬೆಳಕಿನ ಈ ತಿರುಚನ್ನು ಹೊಂಬಣ್ಣದ ದುಂಬಿಯೊಂದರ ಬೆನ್ನಿನಲ್ಲಿ ಮೊದಲು ಕಂಡವರು ಭೌತವಿಜ್ಞಾನಿ ಮೈಕೆಲ್ಸನ್, 1911ರಲ್ಲಿ. ಯೂರೋಪಿನ ಹಸಿರು ಹೂದುಂಬಿ ಸೆಟೋನಿಯಾ ಔರಾಟಾವನ್ನು ಈಗಿನ ತ್ರೀಡಿ ಸಿನಿಮಾದ ಕನ್ನಡಕ ಹಾಕಿಕೊಂಡು ನೋಡಿದರೆ ಒಂದು ಕಣ್ಣಿಗೆ ಹಸಿರಾಗಿಯೂ ಇನ್ನೊಂದಕ್ಕೆ ಕಪ್ಪಾಗಿಯೂ ಕಾಣುತ್ತದೆ. ಪುಡಿಯ ಬಣ್ಣವಲ್ಲವಾದ್ದರಿಂದಲೇ ಅದು ಮಾಸುವುದೂ ಇಲ್ಲ, ನೂರು ವರ್ಷದ ಹಿಂದೆ ಸೂಜಿ ಚುಚ್ಚಿ ಇಟ್ಟ ದುಂಬಿ ಇಂದೂ ಹೊಳೆಯುತ್ತದೆ. ಇಷ್ಟೆಲ್ಲ ನಯವಾದ ಕೆಲಸಕ್ಕೆ ಬೇಕಾದ ಸಾಮಾನು ಬಂದದ್ದು ಸಗಣಿಯಿಂದ.

ಮ್ಯೂಸಿಯಮ್ಮಿನಿಂದ ನಂದಿಗೆ ಹೋದೆ. ಅಲ್ಲಿಯ ಇಳಿಜಾರಿನಲ್ಲಿ ಹುಡುಕಿದ್ದು ಇನ್ನೊಂದು ಹೂದುಂಬಿಯನ್ನು. ಹೆಟೆರೊರೈನಾ ಎಲೆಗನ್ಸ್, ದಕ್ಷಿಣ ಭಾರತ ಮತ್ತು ಸಿಂಹಳದ್ದು, ರೋಮವಿಲ್ಲದ ನುಣ್ಣನೆಯ ಅಪ್ಪಟ ಹಸಿರು, 1781ರಲ್ಲಿ ಲಿನೇಯಸನ ಶಿಷ್ಯ ಫಾಬ್ರಿಷಿಯಸ್ ಹೆಸರಿಟ್ಟದ್ದು. ಸಿಗಲಿಲ್ಲ. ಮಂಜು, ಸೆಲ್ಫಿ, ಮಂಗ ಇವು ಸಿಕ್ಕವು.

ಮರಳಿ ಬರುವಾಗ ಅದೇ ಹೊಲದ ಹತ್ತಿರ ಇಳಿದೆ. ಅಮ್ಮನ ಮಗ ಬಂದಿದ್ದ. ಅವನದು ಹಿಪ್ಪುನೇರಳೆ, ರೇಷ್ಮೆ, ಹುಳು ಹಣ್ಣಾಗಿ ಚಂದ್ರಿಕೆಯಲ್ಲಿ ಕಟ್ಟಿದ ಗೂಡು ಒಯ್ಯುವುದು ಶಿಡ್ಲಘಟ್ಟದ ಮಾರ್ಕೆಟ್ಟಿಗೆ. ಅವನ ಕಷ್ಟ ಬೇರೆ: ಪಕ್ಕದ ಹೂವಿನ ತೋಟದಲ್ಲಿ ಔಷಧಿ ಹೊಡೆದ ದಿನ ಗಾಳಿ ಈ ಕಡೆ ಬೀಸಿದರೆ ಅವನ ಸೊಪ್ಪು ಹಾಳು, ಸೊಪ್ಪು ತಿಂದ ರೇಷ್ಮೆಹುಳು ಹಾಳು. "ಸ್ವಂತ ಅಮ್ಮಂಗೇ ಹೇಳ್ಬೇಕು ಸಾರ್, ಗಾಳಿ ನೋಡ್ಕೊಂಡ್ ಹೊಡಿ ಅಂತ." ಈ ಜಿಲ್ಲೆಯಲ್ಲಿ ಹುಳು ಸಾಯದಂತೆ ಕಾಯುವವರೂ ಹುಳು ಸಾಯಿಸುವವರೂ ಒಂದೇ ಮನೆಯಲ್ಲಿ ಊಟ ಮಾಡುತ್ತಾರೆ. ಅವನ ಸೊಪ್ಪಿನ ತೋಟದ ಬದುವಿನಲ್ಲಿ, ಹೂಬಿಟ್ಟ ಹುಲ್ಲುಗಳ ಮೇಲೆ ಹಸಿರು ದುಂಬಿ ರೋಜಿನ ತೋಟಕ್ಕಿಂತ ಧಾರಾಳವಾಗಿ ಕೂತಿತ್ತು.

ತಿಪ್ಪೆಯ ಒಡೆದ ಗೂಡನ್ನು ಅವನ ಕೈಗಿಟ್ಟೆ. ರೇಷ್ಮೆಗೂಡನ್ನು ನೋಡುವವರ ಹಾಗೆಯೇ ಕಿವಿಯ ಹತ್ತಿರ ಅಲ್ಲಾಡಿಸಿದ, ಹೆಬ್ಬೆರಳಲ್ಲಿ ಒತ್ತಿ ಗಟ್ಟಿ ನೋಡಿದ.

"ಇದಕ್ಕೆಲ್ಲಾದ್ರೂ ಮಾರ್ಕೆಟ್ ಇದ್ಯಾ ಸಾರ್?"

ಜಪಾನಿನಲ್ಲಿ ಮಕ್ಕಳು ಅಂಗಡಿಯಿಂದ ದುಂಬಿ ಕೊಂಡು ತಂದು ಸಾಕುತ್ತಾರೆ, ಆಫ್ರಿಕಾದ ಹಸಿರು ಹೂದುಂಬಿಗಳನ್ನು ತಳಿ ಮಾಡಿ ಮಾರುವವರೂ ಇದ್ದಾರೆ ಅಂದೆ. ನಮ್ಮಲ್ಲಿ ಹಾಗೆ ಹುಳು ಹಿಡಿದು ಹೊರದೇಶಕ್ಕೆ ಕಳಿಸುವ ಹಾಗಿಲ್ಲ, 2002ರ ಜೀವವೈವಿಧ್ಯ ಕಾಯ್ದೆ ಇದೆ ಎಂದೂ ಸೇರಿಸಿದೆ.

"ಹಂಗಾದ್ರೆ ತಿಪ್ಪೆಗೇ ರೇಟ್ ಜಾಸ್ತಿ ಮಾಡ್ಬೇಕು," ಅಂದ. "ಪೋದ್ ವರ್ಸ ಒಂದ್ ಟ್ರಾಕ್ಟರ್ ಗೊಬ್ರ ಕೊಟ್ವಲ್ಲಮ್ಮಾ, ಗೂಡ್ ಸಮೇತ ಕೊಟ್ಬಿಟ್ವಿ."

"ಕೊಟ್ರೆ ಕೊಟ್ವಿ," ಅಂದರು ಅಮ್ಮ, ಹಸುವಿಗೆ ಹುಲ್ಲು ಹಾಕುತ್ತ. "ಹುಳಕ್ಕೇನ್ ನಮ್ ಹೊಲ, ಅವರ್ ಹೊಲ ಅಂತ ಇದ್ಯಾ? ನೀನ್ ಮೊದ್ಲು ಚಂದ್ರಿಕೆ ತೊಳ್ದಿಡು, ನಾಳೆ ಹಣ್ಣಾಗೋ ಹುಳ."